ಎಷ್ಟಿದ್ದರೆ ಸಾಕು?

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ವಿಭಾಗದ ಗೆಳತಿಯೊಬ್ಬಳು ಪಿಎಚ್‌ಡಿ ಮುಗಿಸಿ ತನ್ನ ದೇಶಕ್ಕೆ ಹೊರಟಳು. ಅಮೆರಿಕದ ಈ ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ ಹೀಗೆ ಹೊರಡುವವರು ತಮ್ಮ ಸಾಮಾನನ್ನು ಉಳಿದವರಿಗೆ ಹಂಚಿ ಹೋಗುವುದು ವಾಡಿಕೆ. ನನಗೆ ಅವಳ ಪುಸ್ತಕದ ಕಪಾಟು ಬಂತು, ರೈಸ್ ಕುಕ್ಕರ್ ಬಂತು, ಕೊನೆಗೆ ಬೇರೆ ಯಾರೂ ಒಲ್ಲೆನೆಂದ ಅವಳ ಹಾವೂ ಬಂತು.

ಅದು ಕಾರ್ನ್ ಸ್ನೇಕ್. ಅಮೆರಿಕದ ಆಗ್ನೇಯ ರಾಜ್ಯಗಳ ಕಾಡು, ಹೊಲ, ಹಳೆಯ ಕಣಜಗಳ ಆಸುಪಾಸಿನಲ್ಲಿ ಇಲಿ ಹಿಡಿದು ಬದುಕುವ ವಿಷವಿಲ್ಲದ ಹಾವು. ನಮ್ಮ ಕೇರೆಯ ದೂರದ ನೆಂಟ ಎನ್ನಬಹುದು. ನನ್ನ ಪಾಲಿಗೆ ಬಂದದ್ದು ಆರು ವರ್ಷದ ಹೆಣ್ಣು. ಮೂರೂವರೆ ಅಡಿ ಉದ್ದ, ಕಿತ್ತಳೆ ಬಣ್ಣ. ಆ ಆರೂ ವರ್ಷ ಅದು ಇದ್ದದ್ದು ಚಳಿಗಾಲದ ಬಟ್ಟೆ ತುಂಬಿಡುವಂಥ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ: ಎರಡಡಿ ಉದ್ದ, ಅಡಿಗಿಂತ ಸ್ವಲ್ಪ ಹೆಚ್ಚು ಅಗಲ, ಗಾಳಿಯಾಡಲು ಒಂದಷ್ಟು ತೂತು. "ಇದಕ್ಕೆ ಇಷ್ಟು ಸಾಕು. ಚೆನ್ನಾಗಿ ತಿನ್ನುತ್ತದೆ ನೋಡು" ಎಂದಳು ಗೆಳತಿ. ಅವಳು ಕಲ್ಲೆದೆಯವಳಲ್ಲ. ಹಾವು ಪೊರೆ ಬಿಟ್ಟ ದಿನ, ಇಲಿ ತಿಂದ ದಿನ ಎಲ್ಲವನ್ನೂ ಆರು ವರ್ಷ ತಪ್ಪದೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವಳು. ಆ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟು ಕಣ್ಣೊರೆಸಿಕೊಂಡು ಹೋದಳು.

ಆ ರಾತ್ರಿ ತೀರ್ಥಹಳ್ಳಿಗೆ ಫೋನು ಮಾಡಿ ಅಮ್ಮನಿಗೆ ಹೇಳಿದೆ. ನಮ್ಮ ಕಡೆ ಹಾವನ್ನು ಹಾವು ಎಂದು ಕರೆಯುವುದೇ ಕಡಿಮೆ. ಅದರಲ್ಲೂ ರಾತ್ರಿ ಹೊತ್ತು 'ಹುಳ' ಎಂದೇ ಹೇಳಬೇಕು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಥ ಮಾರಾಯ್ತಿ, ಹುಳಾನ ಯಾರಾದ್ರೂ ಮನೆ ಒಳಗೆ ಇಟ್ಕೊಳ್ತಾರಾ? ಅದಕ್ಕೆ ಅದರದ್ದೇ ಜಾಗ ಅಂತ ಇರೋದಿಲ್ವಾ?" ಎಂದಳು. ಮೊದಲ ಪ್ರಶ್ನೆಗೆ ನಗುತ್ತಾ ಉತ್ತರ ಕೊಟ್ಟೆ. ಎರಡನೆಯದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ. ಹಾವಿಗೆ ಮಾತ್ರ ಅಂದಿನಿಂದ 'ಹುಳ' ಎಂಬ ಹೆಸರೇ ನಿಂತಿತು.

ಅದರದ್ದೇ ಜಾಗ ಯಾವುದು? ನಮ್ಮ ದೇಶದಲ್ಲಾದರೆ ಪ್ರಶ್ನೆ ಸುಲಭ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾಗರವನ್ನಾಗಲೀ ಕೇರೆಯನ್ನಾಗಲೀ ಹಿಡಿದು ಮನೆಯಲ್ಲಿಟ್ಟು ಸಾಕುವಂತಿಲ್ಲ. ಕಾರ್ನ್ ಸ್ನೇಕಿನ ತವರಾದ ಜಾರ್ಜಿಯಾ ರಾಜ್ಯದಲ್ಲೂ ಅದನ್ನು ಸಾಕುವುದು ಕಾನೂನಿಗೆ ವಿರುದ್ಧ. ಆದರೆ ನನ್ನ ಹುಳ ಯಾವ ಕಾಡಿನಿಂದಲೂ ಬಂದದ್ದಲ್ಲ. ಯಾರದೋ ಮನೆಯ ಡಬ್ಬದಲ್ಲಿ ಮೊಟ್ಟೆಯೊಡೆದು ಬಂದದ್ದು. ಅದರ ಮೈಯಲ್ಲಿ ಕಪ್ಪು ವರ್ಣದ್ರವ್ಯವೇ ಇಲ್ಲ. ಜನರ ಕಣ್ಣಿಗೆ ಚಂದ ಕಾಣಲೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ಬಣ್ಣ ಅದು. ಒಣಗಿದೆಲೆಯ ನಡುವೆ ಅಡಗಲು ಆ ಬಣ್ಣ ಬಾರದು. ನಾನಿರುವ ಊರಿನ ಚಳಿಗಾಲವನ್ನು ಅದು ದಾಟಲಾರದು. ಹೊರಗೆ ಬಿಟ್ಟರೆ ಇಲ್ಲಿನ ಹಾವುಗಳಿಗೆ ರೋಗ ತಗುಲಿಸಲೂಬಹುದು. ಹಾಗಾಗಿ 'ಬಿಟ್ಟುಬಿಡು' ಎಂಬ ಪುಣ್ಯದ ದಾರಿ ನನಗಿರಲಿಲ್ಲ. ಮಾಡಬಾರದಿತ್ತು ಅನ್ನಬಹುದಾದ ಕೆಲಸವೊಂದನ್ನು ಬೇರೆಯವರು ಮಾಡಿಯಾಗಿದೆ, ಅದರ ಫಲವಾದ ಜೀವವೊಂದು ನನ್ನ ಮೇಜಿನ ಮೇಲಿದೆ. ಈಗ ನಾನು ಅದಕ್ಕೆ ಏನು ಕೊಡಬೇಕು?

ಕನ್ನಡದಲ್ಲಿ 'ಸಾಕು' ಎಂಬ ಪದಕ್ಕೆ ಎರಡು ಅರ್ಥ. ಒಂದು, ಪೋಷಿಸು. ಇನ್ನೊಂದು, ಇಷ್ಟಿದ್ದರೆ ಆಯಿತು. ಎರಡರ ಮೂಲ ಒಂದೇ ಹೌದೋ ಅಲ್ಲವೋ, ಅದನ್ನು ಭಾಷಾಶಾಸ್ತ್ರದವರಿಗೆ ಬಿಡುತ್ತೇನೆ. ಆದರೆ ಬಳಕೆಯಲ್ಲಿ ಅವೆರಡೂ ಅಂಟಿಕೊಂಡೇ ಇವೆ. ಯಾರು ಸಾಕುತ್ತಾರೋ ಅವರೇ 'ಸಾಕು' ಎಂದೂ ತೀರ್ಮಾನಿಸುತ್ತಾರೆ. ಗೆಳತಿ ಹೇಳಿದ "ಇಷ್ಟು ಸಾಕು" ನನ್ನನ್ನು ಕೊರೆಯತೊಡಗಿದ್ದಕ್ಕೆ ಕಾರಣ ನನ್ನ ಸಂಶೋಧನೆಯ ವಿಷಯವೇ ಅದಾಗಿರುವುದು.

ತತ್ವಶಾಸ್ತ್ರದಲ್ಲಿ 'ಹೊಂದಿಕೊಂಡ ಬಯಕೆ' ಎಂಬ ಸಮಸ್ಯೆಯೊಂದಿದೆ. ಯಾನ್ ಎಲ್ಸ್ಟರ್ 1983ರಲ್ಲಿ ಈ ಬಗ್ಗೆ ಬರೆದ ಪುಸ್ತಕಕ್ಕೆ ಹುಳಿ ದ್ರಾಕ್ಷಿಯ ಹೆಸರನ್ನೇ ಇಟ್ಟರು. ನಮಗೆಲ್ಲ ಗೊತ್ತಿರುವ ನರಿಯ ಕತೆ. ಎಟುಕದ್ದನ್ನು ಮನಸ್ಸು ಬೇಡವೆನ್ನಲು ಕಲಿಯುತ್ತದೆ. ಅಮರ್ತ್ಯ ಸೇನ್ ಮತ್ತು ಮಾರ್ಥಾ ನುಸ್‌ಬಾಮ್ ಇದನ್ನು ಇನ್ನೂ ಗಂಭೀರವಾದ ಕಡೆಗೆ ಒಯ್ದರು. ಬಹುಕಾಲ ಕೊರತೆಯಲ್ಲೇ ಬದುಕಿದವರು ತಮ್ಮ ಆಸೆಗಳನ್ನು ಆ ಕೊರತೆಯ ಅಳತೆಗೇ ಕತ್ತರಿಸಿಕೊಳ್ಳುತ್ತಾರೆ. ಆದ್ದರಿಂದ ಅವರು ತೃಪ್ತರಾಗಿದ್ದಾರೆ ಎಂಬುದು ಅವರಿಗೆ ನ್ಯಾಯ ಸಿಕ್ಕಿದೆ ಎಂಬುದಕ್ಕೆ ಸಾಕ್ಷಿಯಾಗದು.

ನಾನು ಈ ವಿಷಯ ಆರಿಸಿಕೊಂಡದ್ದಕ್ಕೆ ಪುಸ್ತಕಗಳು ಕಾರಣವಲ್ಲ, ನನ್ನ ಅಜ್ಜಿ. ಅಡುಗೆಮನೆಗೆ ತಾಗಿದ ಕತ್ತಲೆ ಮೂಲೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ಚಾಪೆ ಹಾಸಿ ಅವಳು ಮಲಗುತ್ತಿದ್ದಳು. ಮನೆ ದೊಡ್ಡದು ಮಾಡಿಸುವಾಗ ಅಪ್ಪ, "ನಿಂಗೊಂದು ಕೋಣೆ ಮಾಡಿಸ್ಲಾ ಅಮ್ಮಾ?" ಎಂದು ಕೇಳಿದ್ದರು. "ಯಂತಕೆ ಮಾರಾಯ, ನಂಗೆ ಇಷ್ಟು ಸಾಕು" ಎಂದಳು ಅಜ್ಜಿ. ಆ ಕೋಣೆ ನನ್ನ ಓದಿಗೆ ಸಿಕ್ಕಿತು. ಅವಳ ಮಾತನ್ನು ನಾವೆಲ್ಲ ನಂಬಿದೆವು. ನಂಬುವುದು ನಮಗೆ ಅನುಕೂಲವಾಗಿತ್ತು. ಕಿಟಕಿಯಿರುವ ಕೋಣೆಯಲ್ಲಿ ಒಂದು ತಿಂಗಳು ಮಲಗಿ ನೋಡು, ಬೇಡವಾದರೆ ಮೂಲೆಗೇ ವಾಪಸು ಹೋಗು ಎಂದು ಒಬ್ಬರೂ ಹೇಳಲಿಲ್ಲ. ಅಜ್ಜಿ ಈಗಿಲ್ಲ.

ಅಜ್ಜಿಗಾದರೂ ಬಾಯಿತ್ತು. ಬಾಯಿಲ್ಲದ ಜೀವದ ವಿಷಯದಲ್ಲಿ 'ಸಾಕು' ಎಂದು ಗೊತ್ತಾಗುವುದು ಹೇಗೆ? ಗೆಳತಿಯ ಅಳತೆಗೋಲು ಊಟ. ಪ್ರತಿ ಭಾನುವಾರ ಅಮ್ಮ ನನಗೆ ಹಿಡಿಯುವ ಅಳತೆಗೋಲೂ ಅದೇ. "ಊಟ ಆಯ್ತಾ?" ಎಂದು ಕೇಳಿ, ನಾನು ಹೂಂ ಎಂದರೆ, ಮಗಳು ಚೆನ್ನಾಗಿದ್ದಾಳೆ ಎಂದುಕೊಳ್ಳುತ್ತಾಳೆ. ನಾನು ಊಟ ಮಾಡಿಯೂ ಚೆನ್ನಾಗಿಲ್ಲದ ಎಷ್ಟೋ ಭಾನುವಾರಗಳಿವೆ.

ಮೂಕಜೀವವನ್ನು ಕೇಳಲು ಒಂದು ದಾರಿಯನ್ನು ಪ್ರಾಣಿವರ್ತನೆಯ ವಿಜ್ಞಾನಿಗಳು ಕಂಡುಕೊಂಡಿದ್ದಾರೆ: ಎರಡು ಬಾಗಿಲು ತೆರೆದಿಟ್ಟು, ಯಾವುದರೊಳಗೆ ಹೋಗುತ್ತದೆ ನೋಡುವುದು. 1970ರ ದಶಕದಲ್ಲಿ ಆಕ್ಸ್‌ಫರ್ಡಿನ ಮರಿಯನ್ ಡಾಕಿನ್ಸ್ ಕೋಳಿಗಳ ಮುಂದೆ ಇಕ್ಕಟ್ಟಿನ ತಂತಿಗೂಡನ್ನೂ ಹೊರಗಿನ ಬಯಲನ್ನೂ ಇಟ್ಟರು. ತಂತಿಗೂಡಿನಲ್ಲೇ ಇದ್ದು ಅಭ್ಯಾಸವಾಗಿದ್ದ ಕೋಳಿಗಳು ಮೊದಲಿಗೆ ಆರಿಸಿಕೊಂಡದ್ದು ತಂತಿಗೂಡನ್ನೇ. ಅಲ್ಲಿಗೇ ನಿಲ್ಲಿಸಿದ್ದರೆ 'ಕೋಳಿಗೆ ಗೂಡೇ ಇಷ್ಟ' ಎಂದು ಬರೆದು ಮುಗಿಸಬಹುದಿತ್ತು. ಆದರೆ ಬಯಲಿನ ಪರಿಚಯವಾದ ಮೇಲೆ ಅವೇ ಕೋಳಿಗಳು ಬಯಲನ್ನು ಆರಿಸಿಕೊಳ್ಳತೊಡಗಿದವು. ಒಂದೇ ಬಾಗಿಲನ್ನು ನೋಡಿರುವವರಿಗೆ ಇದು ಬೇಕೋ ಅದು ಬೇಕೋ ಎಂದು ಕೇಳಿದರೆ ಅದು ನಿಜವಾಗಿ ಕೇಳಿದ ಹಾಗಲ್ಲ. ಇದನ್ನು ಮೊದಲ ಸಲ ಓದಿದ ದಿನ ಅಕ್ಕಿ ಮೂಟೆಗಳು ನೆನಪಾಗಿ ಪುಸ್ತಕ ಮುಚ್ಚಿಟ್ಟೆ.

ಹುಳಕ್ಕೆ ಹೊಸ ಗೂಡು ಮಾಡಲು ಹೊರಟದ್ದು ಈ ಹಿನ್ನೆಲೆಯಲ್ಲಿ. ಎಷ್ಟು ದೊಡ್ಡದಿರಬೇಕು ಎಂಬುದರಲ್ಲೇ ಹಾವು ಸಾಕುವವರಲ್ಲಿ ಎರಡು ಪಕ್ಷ. ಗೂಡಿನ ಉದ್ದ ಅಗಲ ಕೂಡಿದರೆ ಹಾವಿನ ಉದ್ದದಷ್ಟಾದರೆ ಆಯಿತು, ಹಾವು ಹೇಗೂ ಸುರುಳಿ ಸುತ್ತಿ ಮಲಗುವ ಪ್ರಾಣಿ ಎನ್ನುವುದು ಹಳೆಯ ಲೆಕ್ಕ. ಕನಿಷ್ಠ ಮೈಚಾಚಿ ನೆಟ್ಟಗೆ ಮಲಗುವಷ್ಟಾದರೂ ಜಾಗ ಬೇಡವೇ ಎನ್ನುವುದು ಇನ್ನೊಂದು ಪಕ್ಷ. ಸುರುಳಿ ಸುತ್ತುವುದು ಅದರ ಇಷ್ಟವೋ, ಚಾಚಲು ಜಾಗವಿಲ್ಲದ್ದರ ಅಭ್ಯಾಸವೋ ಎಂದು ಡಬ್ಬದೊಳಗಿನ ಹಾವನ್ನು ನೋಡಿ ಹೇಳಲಾಗದು. ನಾನು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ಗೂಡೊಂದನ್ನು ಹಳೆಯ ಸಾಮಾನು ಮಾರುವವರಿಂದ ಕೊಂಡೆ. ಒಂದು ತಿಂಗಳ ಸ್ಟೈಪೆಂಡಿನ ಒಳ್ಳೆಯ ಪಾಲು ಅದಕ್ಕೇ ಹೋಯಿತು.

ಆಮೇಲಿನದು ಶಾಖ. ನಮ್ಮ ಹಾಗೆ ಹಾವು ತನ್ನ ಮೈಬಿಸಿಯನ್ನು ಒಳಗಿನಿಂದ ಕಾಯ್ದುಕೊಳ್ಳಲಾರದು, ಹೊರಗಿನಿಂದ ಪಡೆಯಬೇಕು. ಅದಕ್ಕೆ ಸರಿಯಾದ ಉಷ್ಣಾಂಶ ಎಷ್ಟು ಎಂದು ನಾನು ಮೊದಲು ಹುಡುಕಿದ್ದು. ಪ್ರಶ್ನೆಯೇ ತಪ್ಪು ಎಂದು ಗೊತ್ತಾಯಿತು. ತಿಂದ ಮೇಲೆ ಅರಗಿಸಿಕೊಳ್ಳಲು ಅದು ಬಿಸಿಯತ್ತ ಹೋಗುತ್ತದೆ, ಮೈ ಕಾದಮೇಲೆ ತಂಪಿಗೆ ಸರಿಯುತ್ತದೆ, ಪೊರೆ ಬಿಡುವ ಮುಂಚೆ ತೇವ ಹುಡುಕುತ್ತದೆ. ಹಾಗಾಗಿ ಸರಿಯಾದ ಒಂದು ಉಷ್ಣಾಂಶ ಎಂಬುದಿಲ್ಲ. ಗೂಡಿನ ಒಂದು ತುದಿ 31 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇನ್ನೊಂದು ತುದಿ 24, ನಡುವೆ ಇಳಿಜಾರು. ಎಲ್ಲಿರಬೇಕೆಂದು ತೀರ್ಮಾನಿಸುವುದು ಹಾವು. ಮೇಲೆ ಶಾಖದ ದೀಪ, ಅದು ಮಿತಿಮೀರದಂತೆ ಕಾಯಲು ಥರ್ಮೋಸ್ಟಾಟ್. ಥರ್ಮೋಸ್ಟಾಟ್ ಬಿಟ್ಟರೆ ಅಪಾಯ. ಹೊಟ್ಟೆಯ ಕೆಳಗಿನಿಂದ ಸುಡುವ ಬಿಸಿಯನ್ನು ಹಾವು ಸಕಾಲಕ್ಕೆ ತಪ್ಪಿಸಿಕೊಳ್ಳದೆ ಸುಟ್ಟುಕೊಳ್ಳುವುದುಂಟು. ನೆಲಕ್ಕೆ ಆಸ್ಪೆನ್ ಮರದ ತುರಿ. ಸೀಡರ್ ಆಗದು, ಅದರ ಎಣ್ಣೆ ಹಾವಿಗೆ ವಿಷ. ಮೈ ಮುಳುಗುವಷ್ಟು ದೊಡ್ಡ ನೀರಿನ ಬಟ್ಟಲು. ಹತ್ತಲು ಒಂದು ಕೊಂಬೆ. ಬಿಗಿಯಾದ ಚಿಲಕ, ಏಕೆಂದರೆ ತಲೆ ತೂರುವಷ್ಟು ಸಂದಿದ್ದರೆ ಹಾವು ಪೂರ್ತಿ ತೂರುತ್ತದೆ. ಇನ್ನು ಅಡಗಲು ಒಂದು ಮರೆ ಬೇಕು ಎಂದು ಓದಿದ್ದೆ. ಬಂಡೆಯಂತೆ ಕಾಣುವ ಚಂದದ ಗುಹೆಯೊಂದನ್ನು ತಂದು, ಸೋಫಾದಲ್ಲಿ ಕೂತರೆ ಚೆನ್ನಾಗಿ ಕಾಣುವಂತೆ ತಂಪಿನ ತುದಿಯಲ್ಲಿಟ್ಟೆ. ಗೂಡನ್ನು ಹಾಲಿನ ನಡುವೆ, ಬಂದವರಿಗೆ ನಾಲ್ಕೂ ಕಡೆಯಿಂದ ಕಾಣುವಂತೆ ಇರಿಸಿದೆ. ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ.

ಹುಳ ಗುಹೆ ಹೊಕ್ಕದ್ದು ಹೊರಗೆ ಬರಲಿಲ್ಲ. ಎರಡನೇ ವಾರ ಕೊಟ್ಟ ಇಲಿಯನ್ನು ಗುಹೆಯ ಬಾಯಲ್ಲೇ ತಿಂದಿತು. ಮೂರನೇ ದಿನ ಬೆಳಿಗ್ಗೆ ಹಾಲಿನ ತುಂಬ ಕೊಳೆತ ವಾಸನೆ. ಅರ್ಧ ಅರಗಿದ ಇಲಿಯನ್ನು ಅದು ಕಕ್ಕಿಹಾಕಿತ್ತು. ಹಾವಿಗೆ ಇದು ಸಣ್ಣ ವಿಷಯವಲ್ಲ. ಮತ್ತೆ ಮತ್ತೆ ಆದರೆ ಸಾಯಲೂಬಹುದು. ಗೆಳತಿಗೆ ಹೇಳಿದಾಗ, "ಡಬ್ಬದಲ್ಲಿ ಆರು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ. ಅದಕ್ಕೆ ದೊಡ್ಡ ಜಾಗ ಆಗದು ಅಂತ ಹೇಳಿದ್ದೆನಲ್ಲ" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಸರೀಸೃಪ ನೋಡುವ ಪಶುವೈದ್ಯರು ಹಾವನ್ನು ಮುಟ್ಟುವ ಮೊದಲು ಗೂಡಿನ ಫೋಟೊ ಕೇಳಿದರು. ನೋಡಿ, "ಮರೆ ಎಷ್ಟಿವೆ?" ಎಂದರು. ಒಂದು. "ಯಾವ ತುದಿಯಲ್ಲಿ?" ತಂಪಿನ ತುದಿಯಲ್ಲಿ. "ಹಾಗಾದರೆ ಕಾಯಿಲೆ ಹಾವಿಗಲ್ಲ, ಗೂಡಿಗೆ" ಎಂದರು. ಅವರು ವಿವರಿಸಿದ್ದು ಇಷ್ಟು: ಅರಗಿಸಿಕೊಳ್ಳಲು ಅದಕ್ಕೆ ಬಿಸಿ ಬೇಕಿತ್ತು. ಬಿಸಿಯ ತುದಿಯಲ್ಲಿ ಅಡಗಲು ಜಾಗವಿರಲಿಲ್ಲ. ಹಾವು ಬಿಸಿಗಾಗಿ ಭದ್ರತೆಯನ್ನು ಬಿಟ್ಟುಕೊಡುವುದಿಲ್ಲ. ಹೊಟ್ಟೆ ಕೆಟ್ಟರೂ ಮರೆಯಲ್ಲೇ ಕೂರುತ್ತದೆ.

ಇಳಿಜಾರನ್ನು ಅಷ್ಟು ಜೋಪಾನವಾಗಿ ಮಾಡಿ, ಆಯ್ಕೆ ಕೊಟ್ಟಿದ್ದೇನೆ ಎಂದು ನಾನು ಬೀಗಿದ್ದೆ. ನಿಜದಲ್ಲಿ ಕೊಟ್ಟದ್ದು ಆಯ್ಕೆಯಲ್ಲ, ಇಕ್ಕಟ್ಟು. ಎರಡು ಬಾಗಿಲು ತೆರೆದಿಟ್ಟು ಒಂದರ ಮುಂದೆ ನಾಯಿ ಕಟ್ಟಿದ ಹಾಗೆ. ಬದುಕಲು ಎರಡೂ ಬೇಕಾದಾಗ, ಒಂದನ್ನು ಪಡೆಯಲು ಇನ್ನೊಂದನ್ನು ಬಿಡು ಎನ್ನುವುದು ಸ್ವಾತಂತ್ರ್ಯವಲ್ಲ. ನನ್ನ ಪ್ರಬಂಧದಲ್ಲಿ ಈ ಮಾತನ್ನು ಹತ್ತಾರು ಕಡೆ ಬರೆದಿದ್ದೇನೆ: ಕೆಲಸ ಬೇಕಾದರೆ ಮರ್ಯಾದೆ ಬಿಡಬೇಕಾದವರ ಬಗ್ಗೆ, ಮನೆಯ ನೆರಳು ಬೇಕಾದರೆ ಮಾತು ಬಿಡಬೇಕಾದ ಹೆಂಗಸರ ಬಗ್ಗೆ. ನನ್ನದೇ ಹಾಲಿನಲ್ಲಿ ಅದನ್ನು ಗುರುತಿಸಲು ಒಂದು ಇಲಿಯ ವಾಸನೆ ಬೇಕಾಯಿತು.

ಪರಿಹಾರಕ್ಕೆ ಖರ್ಚೇನೂ ಆಗಲಿಲ್ಲ. ಬಿಸಿಯ ತುದಿಯಲ್ಲಿ ರಟ್ಟಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಬಾಗಿಲು ಕೊರೆದೆ. ಒಳಗೆ ಸುತ್ತಿ ಕೂತರೆ ಮೈಗೆ ಎಲ್ಲ ಕಡೆಯೂ ಗೋಡೆ ತಾಗುವಷ್ಟು ಇಕ್ಕಟ್ಟಿನದು. ನಡುವೆ ಒದ್ದೆ ಪಾಚಿ ತುಂಬಿದ ಇನ್ನೊಂದು ಡಬ್ಬ. ಗಾಜಿನ ಮೂರು ಮೈಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿದೆ. ಗೂಡನ್ನು ಹಾಲಿನಿಂದ ನನ್ನ ಕೋಣೆಯ ಮೂಲೆಗೆ ಸಾಗಿಸಿದೆ. ಫೋಟೊ ತೆಗೆಯುವಂಥದ್ದೇನೂ ಈಗ ಅದರಲ್ಲಿ ಉಳಿಯಲಿಲ್ಲ. ಎರಡು ವಾರ ಏನೂ ಕೊಡದೆ ಹೊಟ್ಟೆಗೆ ಬಿಡುವು ಕೊಟ್ಟು, ಆಮೇಲೆ ಸಣ್ಣ ಇಲಿಯೊಂದನ್ನಿಟ್ಟೆ. ತಿಂದು ರಟ್ಟಿನ ಪೆಟ್ಟಿಗೆ ಸೇರಿತು. ಅರಗಿಸಿಕೊಂಡಿತು.

ಹಾವು ಮನೆ ಕಟ್ಟುವ ಪ್ರಾಣಿಯಲ್ಲ. ನಮ್ಮ ಆಗುಂಬೆ ಕಡೆಯ ಕಾಳಿಂಗ ಮಾತ್ರ ಮೊಟ್ಟೆಯಿಡಲು ತರಗೆಲೆ ಗುಡ್ಡೆ ಹಾಕಿ ಗೂಡು ಮಾಡುತ್ತದೆ. ಉಳಿದವು ಇಲಿಯ ಬಿಲವನ್ನೋ ಮರದ ಪೊಟರೆಯನ್ನೋ ಗೆದ್ದಲಿನ ಹುತ್ತವನ್ನೋ ಹುಡುಕಿಕೊಳ್ಳುತ್ತವೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂಬ ಗಾದೆಯನ್ನು ನಾವು ಪರರ ದುಡಿಮೆ ತಿನ್ನುವವರಿಗೆ ಅನ್ವಯಿಸುತ್ತೇವೆ. ಹಾವಿನ ಕಡೆಯಿಂದ ನೋಡಿದರೆ ಅರ್ಥ ಬೇರೆ. ಕಟ್ಟಲಾರದ ಜೀವಕ್ಕೆ ಆರಿಸಿಕೊಳ್ಳುವುದೇ ಮನೆ ಮಾಡುವ ಬಗೆ. ಆ ಆರಿಸುವಿಕೆಯನ್ನು ಕಸಿದುಕೊಂಡರೆ ಎಷ್ಟು ಸುಸಜ್ಜಿತವಾದ ಪೆಟ್ಟಿಗೆಯೂ ಅದಕ್ಕೆ ಮನೆಯಾಗದು.

ಇದೆಲ್ಲವನ್ನೂ ಅಮ್ಮನಿಗೆ ಹೇಳುವಾಗ ಮಾತು ನಮ್ಮ ನಾಗಬನದತ್ತ ತಿರುಗಿತು. ಮನೆಯ ಹಿಂದೆ ಅಡಿಕೆ ತೋಟದ ಅಂಚಿನಲ್ಲಿ ನಾಲ್ಕು ಕಲ್ಲು, ಅವುಗಳ ಸುತ್ತ ಹೆಸರು ಗೊತ್ತಿಲ್ಲದ ಮರ, ಬೀಳಲು, ಒಂದು ಹುತ್ತ. ಅಜ್ಜಿ ಇರುವಾಗ ಅಲ್ಲಿ ಬಿದ್ದ ಒಣಕಟ್ಟಿಗೆಯನ್ನೂ ಹೆಕ್ಕುವಂತಿರಲಿಲ್ಲ. ನಾಗರಪಂಚಮಿಯ ದಿನ ಹೊರಗಿನಿಂದಲೇ ತನಿ ಎರೆದು ವಾಪಸು. ಹಾವಿಗೆ ಏನು ಬೇಕು ಎಂದು ಅಜ್ಜಿ ಯೋಚಿಸಿದವಳಲ್ಲ. ನಮಗೆ ಆ ಜಾಗ ಬೇಡ ಎಂದು ಬಿಟ್ಟುಕೊಟ್ಟವಳು. ಅವಳು ಹೋದ ಮೇಲೆ ಮನೆಯವರೆಲ್ಲ ಸೇರಿ ಬನವನ್ನು 'ಅಭಿವೃದ್ಧಿ' ಮಾಡಿಸಿದರು. ಎರಡು ಮರ ಹೋದವು. ಹುತ್ತದ ಜಾಗಕ್ಕೆ ಸಿಮೆಂಟಿನ ಕಟ್ಟೆ ಬಂತು, ಟೈಲ್ಸ್ ಬಂತು, ಕಬ್ಬಿಣದ ಸರಳಿನ ಗೇಟು ಬಂತು. ಹಣ ಕೊಟ್ಟವರ ಪಟ್ಟಿಯಲ್ಲಿ ನನ್ನ ಮೊದಲ ಫೆಲೋಶಿಪ್ಪಿನ ಐದು ಸಾವಿರವೂ ಇದೆ.

"ಈಗ ಮಳೆ ಬಂದ್ರೂ ಪೂಜೆಗೆ ತೊಂದ್ರೆ ಇಲ್ಲ" ಎಂದಳು ಅಮ್ಮ.

"ಹುಳ ಕಾಣ್ತದಾ?"

"ಈಗೆಲ್ಲಿ. ಮೊದ್ಲು ಕಾಣ್ತಿತ್ತು."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅಲ್ಲಿ ಭಕ್ತರಿಗೆ ಅನುಕೂಲವಾಗುವಂತೆ ನಾಗನಿಗೆ ಮನೆ ಮಾಡಿದೆವು, ಇಲ್ಲಿ ನೋಡುವವರಿಗೆ ಚಂದವಾಗುವಂತೆ ನಾನು ಹುಳಕ್ಕೆ ಮನೆ ಮಾಡಿದೆ. ಭಕ್ತಿಯೂ ಇತ್ತು, ಪ್ರೀತಿಯೂ ಇತ್ತು. ಇಲ್ಲದಿದ್ದದ್ದು ಆ ಜೀವ ನಮ್ಮ ಕಣ್ಣಿಗೆ ಬೀಳದೆಯೂ ಇರಬಹುದು ಎಂಬ ಒಪ್ಪಿಗೆ. ಇನ್ನೊಬ್ಬರಿಗೆಂದು ನಾವು ಮಾಡುವ ಮನೆಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ ಎಂದು ಈಗ ನನಗನ್ನಿಸುತ್ತದೆ: ನಮ್ಮಿಂದ ಮರೆಯಾಗಲು ಅವರಿಗೆ ಅಲ್ಲಿ ಜಾಗವಿದೆಯೇ? ಹಾಗೆ ಮರೆಯಾಗಲು ಅವರು ಇನ್ಯಾವುದನ್ನೂ ಕಳೆದುಕೊಳ್ಳಬೇಕಿಲ್ಲ ತಾನೇ?

ಇಷ್ಟಾದರೆ ಹಾವು ಸಾಕುವುದು ಸರಿಯಾಯಿತೇ? ಇಲ್ಲ. ಸರೀಸೃಪಗಳ ವರ್ತನೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಗಾರ್ಡನ್ ಬರ್ಗಾರ್ಟ್ ಇಂಥ ಬಂಧನದ ಬದುಕಿಗೆ 'ನಿಯಂತ್ರಿತ ಅಭಾವ' ಎಂಬ ಹೆಸರು ಕೊಟ್ಟರು. ಎಷ್ಟೇ ಒಳ್ಳೆಯ ಗೂಡಾದರೂ ಅದು ಕಾಡಿನಿಂದ ಕಳೆದು ಉಳಿದದ್ದು. ಏನನ್ನು ಕಳೆಯಬೇಕು ಎಂಬುದಷ್ಟೇ ನಮ್ಮ ಕೈಲಿರುವುದು. ಈ ಮಾತು ನನಗೆ ಹಿತವೆನಿಸುವುದಿಲ್ಲ, ಆದರೆ ಪ್ರಾಮಾಣಿಕವೆನಿಸುತ್ತದೆ. ನಾನು ಇನ್ನೊಂದು ಹಾವನ್ನು ತರುವುದಿಲ್ಲ. ಬೇರೆಯವರಿಗೂ ತನ್ನಿ ಎನ್ನುವುದಿಲ್ಲ. ಈಗಾಗಲೇ ಡಬ್ಬದಲ್ಲಿ ಹುಟ್ಟಿಬಿಟ್ಟಿರುವ ಇದು ಇನ್ನೂ ಹತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಬಹುದು. ನನ್ನ ಪಿಎಚ್‌ಡಿ ಮುಗಿದು ನಾನು ಊರಿಗೆ ಹೊರಟ ದಿನ ಇದನ್ನು ಯಾರಿಗೆ ಒಪ್ಪಿಸುತ್ತೇನೆ ಎಂಬುದು ಇನ್ನೂ ಗೊತ್ತಿಲ್ಲ. ಗೆಳತಿಯ ಕಣ್ಣೀರು ಈಗ ಚೆನ್ನಾಗಿ ಅರ್ಥವಾಗುತ್ತದೆ.

ಅಕ್ಟೋಬರಿನ ಒಂದು ರಾತ್ರಿ ಅಧ್ಯಾಯವೊಂದನ್ನು ತಿದ್ದುತ್ತಾ ಕೂತಿದ್ದಾಗ ಮೂಲೆಯಲ್ಲಿ ತುರಿ ಸರಿದ ಸದ್ದಾಯಿತು. ಕತ್ತಲಲ್ಲಿ ಹುಳ ಕೊಂಬೆ ಹತ್ತುತ್ತಿತ್ತು. ಮೇಲೆ ಹೋಗಿ, ಕೊಂಬೆಯುದ್ದಕ್ಕೂ ಮೈಚಾಚಿ, ಸುಮಾರು ಹೊತ್ತು ಹಾಗೇ ಇತ್ತು. ಮೂರೂವರೆ ಅಡಿ ಪೂರ್ತಿ ಚಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಖುಷಿಯಾಗಿತ್ತೇ? ಗೊತ್ತಿಲ್ಲ; ಹಾವಿಗೆ ಖುಷಿ ಎಂಬುದು ಏನು ಎಂದೇ ನನಗೆ ತಿಳಿಯದು. ಗೆಳತಿಗೆ ಕಳಿಸೋಣ ಎಂದು ಫೋನು ಕೈಗೆತ್ತಿಕೊಂಡೆ. ಫೋಟೊಗೆ ದೀಪ ಹಾಕಬೇಕಿತ್ತು. ಹಾಕಲಿಲ್ಲ.

ಮೊನ್ನೆ ಮನೆಗೆ ಬಂದ ಜೂನಿಯರ್ ಒಬ್ಬ ಗೂಡಿನ ಮುಂದೆ ಹತ್ತು ನಿಮಿಷ ಕೂತು, "ಅಕ್ಕಾ, ಇದರಲ್ಲಿ ಏನೂ ಇಲ್ವಲ್ಲ" ಎಂದ. ಇದೆ ಎಂದೆ. ಭಾನುವಾರ ಅಮ್ಮನ ಫೋನು ಬಂತು. ಈ ಸಲದ ಮಳೆಗಾಲಕ್ಕೆ ಮುಂಚೆ ಬನದ ಹಿಂದಿನ ಎರಡು ಸಾಲು ಟೈಲ್ಸ್ ಕೀಳಿಸಿ ಮಣ್ಣು ಬಿಡಿಸಲು ಅಪ್ಪ ಒಪ್ಪಿದ್ದಾರಂತೆ, ಚಿಕ್ಕಪ್ಪ ಇನ್ನೂ ಒಪ್ಪಿಲ್ಲವಂತೆ. "ಹುತ್ತ ಮತ್ತೆ ಏಳ್ತದಾ ಗೊತ್ತಿಲ್ಲ" ಎಂದಳು. ಆಮೇಲೆ ಎಂದಿನಂತೆ, "ಊಟ ಆಯ್ತಾ?" ಎಂದು ಕೇಳಿದಳು. ಆಯ್ತು ಎಂದೆ. ಸ್ವಲ್ಪ ತಡೆದು, "ಮತ್ತೆ, ಹೆಂಗಿದ್ದಿ?" ಎಂದಳು.